ಹನ್ನೊಂದು ಗಂಟೆಯ ಪ್ರಾರ್ಥನೆಯೂ ಬಸವರಾಜನ ನಿದ್ದೆಯೂ

ದೇವರು ನನಗೆ ಧಾರಾಳವಾಗಿ ಕೊಟ್ಟದ್ದು ಗಂಟಲು ಒಂದನ್ನೇ. ಓದು ಕೊಡಲಿಲ್ಲ, ಮೂರನೆಯ ಕ್ಲಾಸಿನಲ್ಲಿ ಮೇಷ್ಟ್ರ ಕೈಯಲ್ಲಿ ಪೆಟ್ಟು ತಿಂದು ಮನೆಗೆ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮಂಡಿಗಳನ್ನು ಕೊಟ್ಟಿದ್ದ, ಅವನ್ನೂ ವಾಪಸು ತೆಗೆದುಕೊಂಡ. ಗಂಟಲು ಮಾತ್ರ ಅರವತ್ತೊಂಬತ್ತನೆಯ ವಯಸ್ಸಿನಲ್ಲೂ ಹೊಸದರ ಹಾಗೇ ಇದೆ. ಬಾಗಲಗುಂಟೆಯ ನಮ್ಮ ಬೀದಿಯ ಈ ತುದಿಯಲ್ಲಿ ನಿಂತು ಸೊಪ್ಪಿನವನನ್ನು ಕರೆದರೆ, ಆ ತುದಿಯಲ್ಲಿ ಮೊಸರಿನವಳೂ ತಿರುಗಿ ನೋಡುತ್ತಾಳೆ. ಇಂಥ ಗಂಟಲು ದೇವರ ಕೆಲಸಕ್ಕೆ ಬಹಳ ಉಪಯೋಗ ಎಂದು ನಾನು ನಂಬಿದ್ದೆ. ಆ ನಂಬಿಕೆಯ ದೆಸೆಯಿಂದ ಪಕ್ಕದ ಮನೆಯ ಒಬ್ಬ ಮನುಷ್ಯನ ಹತ್ತು ಬೆರಳು ಒಂಬತ್ತಾಗುವುದರಲ್ಲಿತ್ತು. ಅದನ್ನು ಹೇಳಿಬಿಡುತ್ತೇನೆ. ಹೇಳದೆ ಇಟ್ಟುಕೊಂಡರೆ ಹೊಟ್ಟೆ ಉಬ್ಬರಿಸಿದ ಹಾಗಾಗುತ್ತದೆ.

ನಾವು ಸಾಧಾರಣ ಕ್ರೈಸ್ತರು. ಭಾನುವಾರ ಆರಾಧನೆ, ಕ್ರಿಸ್ಮಸ್ಸಿಗೆ ಕಜ್ಜಾಯ, ಸತ್ತರೆ ಪೆಟ್ಟಿಗೆ. ನಡುವೆ ಎಲ್ಲರ ಹಾಗೆ ನೀರಿಗೆ, ಗ್ಯಾಸಿಗೆ, ಬಸ್ಸಿಗೆ ಕಾಯುವುದು. ನಮ್ಮ ಸಭೆಗೆ ಹೊಸದಾಗಿ ಬಂದ ಪಾಸ್ಟರು ಇನ್ನೂ ಎಳೆಯರು, ಬಹಳ ಹುರುಪಿನವರು. ಒಂದು ಭಾನುವಾರ ಅವರು, "ಇನ್ನು ಆರು ವಾರದೊಳಗೆ ಪ್ರತಿಯೊಬ್ಬರೂ ಒಬ್ಬ ನೆರೆಯವರಿಗೆ ಯೇಸುವಿನ ಪ್ರೀತಿಯನ್ನು ತಿಳಿಸಬೇಕು, ಆಮೇಲೆ ಸಭೆಯ ಮುಂದೆ ಎದ್ದು ನಿಂತು ಸಾಕ್ಷಿ ಹೇಳಬೇಕು" ಎಂದರು. ಕೈಗೊಂದು ಕಟ್ಟು ಕರಪತ್ರವನ್ನೂ ಕೊಟ್ಟರು. ಜೊತೆಗೆ, ಬುಧವಾರಕ್ಕೊಮ್ಮೆ ನಡೆಯುತ್ತಿದ್ದ ಹೆಂಗಸರ ಪ್ರಾರ್ಥನೆ ಈ ಆರು ವಾರವೂ ದಿನಾ ನಡೆಯಲಿ ಎಂದರು. ಬುಧವಾರದ ಪ್ರಾರ್ಥನೆ ನಮ್ಮ ಮನೆಯಲ್ಲೇ, ಬೆಳಿಗ್ಗೆ ಹನ್ನೊಂದಕ್ಕೆ. ಮಗಳು ಅಳಿಯ ಕೆಲಸಕ್ಕೆ ಹೋದ ಮೇಲೆ ಮನೆ ನನ್ನದೊಬ್ಬಳದೇ ತಾನೆ. ಆಗಲಿ, ದಿನಾ ನಮ್ಮಲ್ಲೇ ಆಗಲಿ ಎಂದೆ. ಎಂಟು ಹೆಂಗಸರು, ಒಂದು ಕಂಜರ. ಕಂಜರ ಬಡಿಯುವವಳು ನನ್ನ ಗೆಳತಿ ಎಲಿಸಮ್ಮ. ಅವಳು ಸ್ಕೂಲಿನಲ್ಲಿ ಆಯಾ ಆಗಿದ್ದು ರಿಟೈರಾದವಳು. ಇನ್ನೂರು ಮಕ್ಕಳನ್ನು ಸುಮ್ಮನಿರಿಸಿದ ಕೈ ಅದು, ಬಡಿದರೆ ಮೇಲಿನ ಶೀಟು ಅದುರುತ್ತದೆ.

ನೆರೆಯವರು ಯಾರು ಎಂದು ನಾನು ಹುಡುಕಬೇಕಾಗಿರಲಿಲ್ಲ. ನಮ್ಮದೇ ಮನೆಯ ಪಕ್ಕದ ಕೋಣೆಯಲ್ಲಿ ಎರಡು ವರ್ಷದಿಂದ ಬಾಡಿಗೆಗಿರುವವರು ಗದಗದ ಕಡೆಯ ಬಸವರಾಜ ಮತ್ತು ಅವನ ಹೆಂಡತಿ ಶಾಂತವ್ವ. ನಮಗೂ ಅವರಿಗೂ ನಡುವೆ ಅರ್ಧ ಇಟ್ಟಿಗೆಯ ಗೋಡೆ. ತೀರಿಹೋದ ನಮ್ಮ ಯಜಮಾನರು ಒಂದು ಮನೆಯನ್ನು ಎರಡು ಮಾಡಲು ತಾವೇ ಕಟ್ಟಿದ್ದು. ಅದರ ಆಚೆ ಸೀನಿದರೆ ಈಚೆಯಿಂದ ಆಯಸ್ಸು ಹಾರೈಸಬಹುದು. ಬಸವರಾಜ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮಷೀನಿನ ಮೇಲೆ ರಾತ್ರಿ ಪಾಳಿ ಮಾಡುತ್ತಾನೆ. ಪ್ರೆಸ್ ಎಂದರೆ, ಕಬ್ಬಿಣದ ತಗಡನ್ನು ಕೈಯಿಂದ ಇಟ್ಟು ಕಾಲಿನಿಂದ ಪೆಡಲು ಒತ್ತಿದರೆ ಮೇಲಿನಿಂದ ಭಾರದ ಅಚ್ಚು ದಪ್ಪಂತ ಬಂದು ಕೂರುತ್ತದೆ. ತಗಡು ಇಟ್ಟ ಕೈ ಅಷ್ಟರೊಳಗೆ ಹೊರಗೆ ಬಂದಿರಬೇಕು. ಇದು ನನಗೆ ಹೊಸದಲ್ಲ. ನಮ್ಮ ಯಜಮಾನರದೂ ಅದೇ ಕೆಲಸ. ಅವರ ಎಡಗೈಯಲ್ಲಿ ಇದ್ದದ್ದು ಮೂರೂವರೆ ಬೆರಳು. "ಮದುವೆ ಉಂಗುರದ ಬೆರಳು ಉಳಿಸ್ಕೊಂಡಿದೀನಿ, ಇನ್ನೇನ್ ಬೇಕು ನಿಂಗೆ?" ಎನ್ನುತ್ತಿದ್ದರು.

ದಿನದ ಪ್ರಾರ್ಥನೆ ಶುರುವಾದ ಮೂರ್ನಾಲ್ಕು ದಿನಕ್ಕೇ, ಬಸವರಾಜ ಬೆಳಿಗ್ಗೆ ಬರುವಾಗ ಅವನ ಕಣ್ಣು ಕೆಂಡದ ಹಾಗಿರುವುದನ್ನು ನಾನು ಗಮನಿಸಿದೆ. ಒಂದು ದಿನ ಮೆಟ್ಟಿಲಿನ ಹತ್ತಿರ ತೂರಾಡಿ ಗೋಡೆ ಹಿಡಿದುಕೊಂಡ. ಇನ್ನೊಂದು ದಿನ ನಮ್ಮ ಬಾಗಿಲಿಗೇ ಅವನ ಕೀಲಿ ಹಾಕಿ ತಿರುಗಿಸುತ್ತ ನಿಂತಿದ್ದ. ನನಗೆ ಎರಡೂ ಎರಡೂ ಸೇರಿ ನಾಲ್ಕಾಗಿ, ನಾಲ್ಕರಿಂದ ಬಾಟಲಿಯೂ ಆಯಿತು. ಅಯ್ಯೋ ಪಾಪ, ಕುಡಿತಕ್ಕೆ ಬಿದ್ದಿದ್ದಾನೆ!

ನಮ್ಮಲ್ಲಿ ಬೇರೆಯವರ ಮನೆಯ ಮಾತು ಆಡಬಾರದು ಎಂದು ನಿಯಮ. ಆದರೆ "ಪ್ರಾರ್ಥನಾ ವಿಷಯ" ಎಂದು ಹೇಳಬಹುದು. ಇದರ ಸವಲತ್ತು ಗೊತ್ತಿಲ್ಲದ ಹೆಂಗಸು ನಮ್ಮ ಸಭೆಯಲ್ಲಿ ಇಲ್ಲ. ಮರುದಿನ ಎಲ್ಲರೂ ಚಾಪೆಯ ಮೇಲೆ ಕೂತ ಮೇಲೆ ನಾನು ದುಃಖದ ಮುಖ ಮಾಡಿಕೊಂಡು, "ಒಂದು ಪ್ರಾರ್ಥನಾ ವಿಷಯ ಇದೆ, ಪಕ್ಕದ ಮನೆ ಹುಡುಗ ಕುಡೀತಾನೆ" ಎಂದೆ. ಎಲಿಸಮ್ಮ ಹತ್ತಿರ ಸರಿದು, "ಎಷ್ಟ್ ಕುಡೀತಾನೆ? ಹೊಡೀತಾನಾ?" ಎಂದು ಕೇಳಿದಳು. ಪ್ರಾರ್ಥನೆ ಮಾಡುವವರಿಗೆ ವಿವರ ಬೇಕಲ್ಲ.

ಅಂದಿನಿಂದ ದಿನಾ ಹನ್ನೊಂದಕ್ಕೆ ಎರಡು ಕೀರ್ತನೆ, ಕಂಜರ, ಚಪ್ಪಾಳೆ, ಆಮೇಲೆ ನನ್ನ ಗಂಟಲು. "ಕರ್ತನೇ, ಪಕ್ಕದ ಮನೆ ಬಸವರಾಜನನ್ನು ಕುಡಿತದಿಂದ ಬಿಡಿಸಪ್ಪಾ!" ಎಂದು ನಾನು. "ಬಿಡಿಸಪ್ಪಾ!" ಎಂದು ಏಳು ಜನ. "ಅವನ ಕಣ್ಣು ತೆರೆಸಪ್ಪಾ!" "ತೆರೆಸಪ್ಪಾ!" ಈ ಎರಡನೆಯ ಬೇಡಿಕೆ ಗೋಡೆಯಾಚೆ ಆ ಕ್ಷಣವೇ ಈಡೇರುತ್ತಿತ್ತು ಎಂಬುದು ನಮಗೆ ಗೊತ್ತಿರಲಿಲ್ಲ. ವಾರ ಕಳೆಯಿತು, ಎರಡಾಯಿತು. ಅವನ ಕಣ್ಣು ಇನ್ನೂ ಕೆಂಪಾಯಿತು. ಸೈತಾನ ಗಟ್ಟಿಯಾಗಿ ಹಿಡಿದಿದ್ದಾನೆ ಎಂದು ನಾವು ಸ್ವರ ಏರಿಸಿದೆವು. ಸ್ವರ ಏರಿದಷ್ಟೂ ಕಣ್ಣು ಕೆಂಪು, ಕಣ್ಣು ಕೆಂಪಾದಷ್ಟೂ ಸ್ವರ. ಹೀಗೆ ಐದು ವಾರ.

ಐದನೆಯ ವಾರದ ಕೊನೆಗೆ ಒಂದು ಬೆಳಿಗ್ಗೆ ಶಾಂತವ್ವ ಬಂದು ಬಾಗಿಲಲ್ಲಿ ನಿಂತಳು. ಸೆರಗಿನಲ್ಲಿ ಏನೋ ಸುತ್ತಿ ಹಿಡಿದಿದ್ದಳು. ನಾನು ಮನಸ್ಸಿನಲ್ಲೇ, ಪ್ರಾರ್ಥನೆ ಕೇಳಿಸಿತು ನೋಡು, ಇವಳೇ ಬಂದಳು ಎಂದುಕೊಂಡು ಕರಪತ್ರದ ಕಟ್ಟಿಗೆ ಕೈ ಹಾಕಿದೆ.

"ಅಜ್ಜಿ, ಒಂದ್ ಮಾತ ಹೇಳ್ಬೇಕಿತ್ರಿ. ಸಿಟ್ಟಾಗಬ್ಯಾಡ್ರಿ."

"ಹೇಳಮ್ಮ, ಹೆದರ್ಕೋಬೇಡ. ದೇವರಿದಾನೆ."

"ನಮ್ಮವರು ಕುಡಿಯಂಗಿಲ್ರಿ. ಹುಟ್ಟಿದಾಗಿಂದ ಒಂದ ಹನಿ ಮುಟ್ಟಿಲ್ಲ. ಕೊಳ್ಳಾಗ ಲಿಂಗ ಐತ್ರಿ."

"ಕುಡೀತಾನೆ ಅಂತ ಯಾರ್ ಹೇಳಿದ್ದು?"

"ನೀವ ಹೇಳಾಕತ್ತೀರಲ್ರಿ, ದಿನಾ. ನಿಮ್ಮ ದೇವರ ಮುಂದ."

"ಮತ್ತೆ ಕಣ್ಣು ಕೆಂಪಗಿರ್ತಾವಲ್ಲಮ್ಮ?" ಎಂದೆ, ಇನ್ನೂ ನನ್ನ ಬಾಟಲಿ ಬಿಟ್ಟುಕೊಡದೆ.

"ನಿದ್ದಿ ಇಲ್ರಿ ಅವರಿಗೆ. ಬಂದು, ಜಳಕ ಮಾಡಿ, ಪೂಜಿ ಮಾಡಿ, ರೊಟ್ಟಿ ತಿಂದು ಮಲಗೂದ್ರಾಗ ಹತ್ತ ಆಗತೈತಿ. ಹನ್ನೊಂದಕ್ಕ ನೀವು ಶುರು ಮಾಡ್ತೀರಿ. ಆಮ್ಯಾಲ ಅವರಿಗೆ ಕಣ್ಣ ಹತ್ತಂಗಿಲ್ಲ. ಅಜ್ಜಿ ದೊಡ್ಡಾಕಿ, ದೇವರ ಕೆಲಸ ಮಾಡಾಕತ್ತಾಳ, ಏನೂ ಅನಬ್ಯಾಡ ಅಂತ ನನ್ನ ಬಾಯಿ ಮುಚ್ಚಸಿದ್ರು." ಸೆರಗಿನ ಗಂಟು ಬಿಚ್ಚಿ ಅವಳು ಒಂದು ಗ್ಲೌಸು ತೆಗೆದಳು. ಅದರ ತೋರುಬೆರಳಿನ ತುದಿ ಅಪ್ಪಚ್ಚಿಯಾಗಿ ಹಪ್ಪಳದ ಹಾಗೆ ಚಪ್ಪಟೆಯಾಗಿತ್ತು. "ಮಷೀನ್ ಮುಂದ ತೂಕಡಿಸ್ಯಾರ. ಗ್ಲೌಸ ಹೋತು, ಬೆರಳ ಉಳೀತು. ಇನ್ನೊಮ್ಮೆ ಏನ ಹೋಗತೈತೋ ಅಂತ ನನಗ ಅಂಜಿಕಿ ಬರತೈತ್ರಿ." ಅವಳು ಅಳಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು, ನಿಜಕ್ಕೂ ತಿಳಿದುಕೊಳ್ಳಲು ಕೇಳಿದ ಹಾಗೆ: "ನಾ ಕಲ್ತಾಕಿ ಅಲ್ರಿ ಅಜ್ಜಿ, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ದೇವರಿಗೆ ಸಣ್ಣಗ ಹೇಳಿದ್ರ ಕೇಳಂಗಿಲ್ಲೇನ್ರಿ?"

ನಲವತ್ತು ವರ್ಷ ಪಾಸ್ಟರುಗಳ ಪ್ರಸಂಗ ಕೇಳಿದ್ದೇನೆ. ಯಾವ ಪ್ರಸಂಗವೂ ನನ್ನನ್ನು ಹೀಗೆ ಕೂರಿಸಿರಲಿಲ್ಲ. ಆ ಗ್ಲೌಸನ್ನು ಕೈಯಲ್ಲಿ ಹಿಡಿದುಕೊಂಡು ನೋಡಿದೆ. ನಮ್ಮ ಯಜಮಾನರು ರಾತ್ರಿ ಪಾಳಿ ಮಾಡುತ್ತಿದ್ದ ಕಾಲದಲ್ಲಿ ಅವರು ಮಲಗಿದ ಮೇಲೆ ನಾನು ಕೋಲು ಹಿಡಿದು ಶೀಟಿನ ಮೇಲಿನ ಕಾಗೆ ಓಡಿಸುತ್ತಿದ್ದೆ. ಮಗಳು ಅತ್ತರೆ ಎತ್ತಿಕೊಂಡು ಬೀದಿಯ ಕೊನೆಗೆ ಹೋಗಿ ನಿಲ್ಲುತ್ತಿದ್ದೆ. ಎಲ್ಲ ಗೊತ್ತಿದ್ದವಳು ನಾನು. ಗಂಡನ ನಿದ್ದೆ ನಿದ್ದೆ, ಪರರ ನಿದ್ದೆ ಸೈತಾನನ ಕೆಲಸ ಎಂದುಕೊಂಡೆನಲ್ಲ!

ಅಂದು ಹನ್ನೊಂದಕ್ಕೆ ಹೆಂಗಸರು ಬಂದಾಗ ನಾನು ಗೇಟಿನ ಹೊರಗೆ ನಿಂತಿದ್ದೆ. "ಇವತ್ತು ಪ್ರಾರ್ಥನೆ ಇಲ್ಲ, ಚಪ್ಪಲಿ ಸದ್ದೂ ಮಾಡ್ಬೇಡಿ. ಅವನು ಕುಡಿಯಲ್ಲ, ನಾನು ಸುಳ್ಳು ಹೇಳ್ದೆ" ಎಂದೆ. ಎಲಿಸಮ್ಮನ ಮುಖ ಸಣ್ಣಗಾಯಿತು. "ಅಯ್ಯೋ ನಿನ್ ಬಾಯಿಗಿಷ್ಟು! ನಾನು ತಂಗಿ ಮನೆ ಕಡೆ ಕೂಟದಲ್ಲೂ ಹೇಳ್ಬಿಟ್ಟಿದೀನಲ್ಲೇ. ಅಲ್ಲಿ ಇಪ್ಪತ್ತು ಜನ ಅವನಿಗೋಸ್ಕರ ಉಪವಾಸ ಇದಾರೆ!" ಎಂದಳು. ಹೋಗಿ ಅವರಿಗೆ ಊಟ ಮಾಡಲು ಹೇಳು ಎಂದು ಅಲ್ಲಿಂದಲೇ ಅಟ್ಟಿದೆ.

ಸಂಜೆ ಬಸವರಾಜ ಎದ್ದು ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಹೋದೆ. ಕ್ಷಮೆ ಕೇಳುವುದು ನನಗೆ ಅಭ್ಯಾಸವಿಲ್ಲ. ಕ್ಷಮಿಸುವುದರ ಬಗ್ಗೆ ಬೇಕಾದಷ್ಟು ಮಾತಾಡಬಲ್ಲೆ.

"ನಿನ್ನ ಮೇಲೆ ಇಲ್ಲದ್ದು ಹೇಳ್ದೆ ಕಣಪ್ಪ. ತಪ್ಪಾಯ್ತು."

"ಇರ್ಲಿ ಬಿಡ್ರಿ ಅಜ್ಜಿ. ನನ್ನ ಸಲುವಾಗಿ ಇಷ್ಟ ಮಂದಿ ಬೇಡ್ಕೊಂಡದ್ದ ಇಲ್ಲ. ಆದ್ರ ಬರೇ ಕುಡಿಯೂದ ಬಿಡಸು ಬಿಡಸು ಅಂದ್ರಿ. ಜೋಡಿಗೆ ಹಗಲ ಪಾಳಿ ಕೊಡಸು ಅಂದಿದ್ರ ಏನಾಗ್ತಿತ್ರಿ?" ಎಂದು ಟವೆಲಿನೊಳಗೇ ನಕ್ಕ. "ನಿಮ್ಮ ಎರಡನೇ ಹಾಡು ನನಗ ಬಾಯಿಪಾಠ ಆಗೇತಿ. ಮಷೀನ್ ಮುಂದ ನಿಂತಾಗ ತಾನ ಬರತೈತಿ."

ಸುವಾರ್ತೆ ಅವನಿಗೆ ಮುಟ್ಟಿರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ನಿದ್ದೆಯೊಂದು ಹೋಗಿತ್ತು, ಅಷ್ಟೆ.

ಸಾಕ್ಷಿಯ ಭಾನುವಾರ ಬಂತು. ಒಬ್ಬರು ಬಸ್ ಸ್ಟ್ಯಾಂಡಿನಲ್ಲಿ ಕರಪತ್ರ ಹಂಚಿದ್ದು ಹೇಳಿದರು, ಇನ್ನೊಬ್ಬರು ಆಫೀಸಿನ ಸ್ನೇಹಿತರನ್ನು ಊಟಕ್ಕೆ ಕರೆದದ್ದು ಹೇಳಿದರು. ಪಾಸ್ಟರು ಒಂದು ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ ಎದ್ದು, ಒಬ್ಬ ಮರ್ಯಾದಸ್ಥನನ್ನು ಕುಡುಕ ಮಾಡಿದ್ದನ್ನೂ, ಐದು ವಾರ ಅವನ ನಿದ್ದೆ ಕೆಡಿಸಿದ್ದನ್ನೂ, ಗ್ಲೌಸಿನ ವಿಷಯವನ್ನೂ ಹೇಳಿದೆ. ಕೊನೆಗೆ ಪಾಸ್ಟರು ಮೆಲ್ಲಗೆ ಕೇಳಿದರು: "ಅಮ್ಮ, ಹಾಗಾದ್ರೆ ಕಡೇಗೆ ಅವರಿಗೆ ಏನ್ ತಿಳಿಸಿದ್ರಿ?"

"ಮಲ್ಕೊಳಪ್ಪ ಅಂದೆ."

ಸಭೆಯೆಲ್ಲ ನಕ್ಕಿತು. ಪಾಸ್ಟರು ಪೆನ್ನು ಹಿಡಿದುಕೊಂಡು ಪಟ್ಟಿಯನ್ನೇ ನೋಡುತ್ತ ನಿಂತರು. ಅದಕ್ಕೊಂದು ಕಾಲಂ ಇರಲಿಲ್ಲವೆಂದು ಕಾಣುತ್ತದೆ. ಒಳ್ಳೆಯ ಹುಡುಗ, ಮರುವಾರ ಪ್ರಸಂಗಕ್ಕೆ ಮೊದಲು, "ನಿಮ್ಮ ನೆರೆಯವರಿಗೆ ಏನು ಹೇಳಬೇಕು ಎನ್ನುವ ಮೊದಲು ಅವರು ಯಾವ ಪಾಳಿ ಎಂದು ಕೇಳಿ" ಎಂದರು. ನನ್ನನ್ನು ನೋಡದೆ ಹೇಳಿದರು. ಅದು ಅವರ ದೊಡ್ಡತನ.

ನನಗೆ ಓದು ಇಲ್ಲ, ಪ್ರಸಂಗ ಮಾಡಲು ಬರುವುದಿಲ್ಲ. ಆದರೂ ಒಂದು ಮಾತು ಹೇಳುತ್ತೇನೆ. ನಮ್ಮಂಥವರು ಊರಿಗೆಲ್ಲ ದೇವರನ್ನು ತೋರಿಸಲು ಹೊರಡುವ ಮೊದಲು ಗೋಡೆಯಾಚೆ ಇರುವವರು ನಮ್ಮಿಂದ ಏನು ಅನುಭವಿಸುತ್ತಿದ್ದಾರೆ ಎಂದು ಕಿವಿಗೊಟ್ಟು ಕೇಳಬೇಕು. ಬಸವರಾಜನಿಗೆ ಅವನ ದೇವರಿದ್ದಾನೆ, ಪೂಜೆ ಮಾಡದೆ ತುತ್ತು ಮುಟ್ಟುವುದಿಲ್ಲ. ನಮ್ಮ ದೇವರು ಎಂಥವನು ಎಂದು ಅವನಿಗೆ ಗೊತ್ತಾಗಬೇಕಾದರೆ ನನ್ನನ್ನು ನೋಡಿಯೇ ಗೊತ್ತಾಗಬೇಕು. ಪಾಪ, ಆ ದೇವರ ಗತಿ!

ಆದ್ದರಿಂದ ಕಾವಲಿಗೆ ಕೂತೆ. ಹತ್ತು ಗಂಟೆಯೊಳಗೆ ನನ್ನ ಕುಕ್ಕರು ಕೂಗಿ ಮುಗಿಸಬೇಕು, ಮಿಕ್ಸಿ ತಿರುಗಿ ಮುಗಿಸಬೇಕು. ಮೊದಲ ದಿನ ಹಳೇ ಕಬ್ಬಿಣದ ಗಾಡಿಯವನು ಮೈಕು ಹಾಕಿಕೊಂಡು ಬಂದ. ನಾನು ಬಾಗಿಲಲ್ಲೇ ನಿಂತು, "ಲೋ, ಬಾಯ್ ಮುಚ್ಚೋ! ಇಲ್ಲಿ ಮನುಷ್ಯ ಮಲಗವ್ನೆ!" ಎಂದು ಕೂಗಿದೆ. ಮೈಕಿಗೆ ಏಳದ ಬಸವರಾಜ ನನಗೆ ಎದ್ದು ಕೂತನಂತೆ. ಅಂದಿನಿಂದ ಗಾಡಿ ಕಂಡರೆ ಈ ಮಂಡಿಯಲ್ಲೇ ಬೀದಿಯ ತುದಿಯವರೆಗೆ ನಡೆದು ಹೋಗಿ, ಕಿವಿಯ ಹತ್ತಿರ ಹೇಳಿ ಬರುತ್ತೇನೆ. ನಾನು ಕೂಗದೆ ಕೈ ಬೀಸಿ ಕರೆಯುವುದನ್ನು ಕಂಡು, ನನ್ನ ಮನೆಯಲ್ಲಿ ಸತ್ತವರು ಯಾರೆಂದು ಸೊಪ್ಪಿನವನು ಎರಡು ಸಲ ಕೇಳಿದ.

ಬುಧವಾರದ ಪ್ರಾರ್ಥನೆ ಮಾತ್ರ ಬಿಡಲಿಲ್ಲ. ಎಲಿಸಮ್ಮನ ಮನೆ ಮೂರನೆಯ ಮಹಡಿ, ಹತ್ತುವವರು ಯಾರು? ನಮ್ಮಲ್ಲೇ, ಬಾಯಿ ಬಿಡದೆ ಮಾಡೋಣ ಎಂದೆ. "ಬಾಯಿ ಬಿಡ್ದೆ ಎಂಥ ಪ್ರಾರ್ಥನೆ? ನಾವೇನು ಪರೀಕ್ಷೆ ಬರೀತಿದೀವಾ?" ಎಂದು ಎಲಿಸಮ್ಮ ಗೊಣಗಿದಳು. ಕಂಜರ ಮಡಿಲಲ್ಲಿಟ್ಟುಕೊಂಡು ಕೂತಳು. ಎಂಟು ಜನ ಕಣ್ಣು ಮುಚ್ಚಿದೆವು. ಯಾರದು ಮುಗಿಯಿತು, ಯಾವಾಗ ಆಮೆನ್ ಎನ್ನಬೇಕು, ಒಂದೂ ತಿಳಿಯದು. ನಾನು ಮನಸ್ಸಿನಲ್ಲೇ ಶುರು ಮಾಡಿದೆ. ಬಸವರಾಜನ ಬೆರಳು ಕಾಪಾಡಪ್ಪ, ಹಗಲು ಪಾಳಿ ಕೊಡಿಸಪ್ಪ ಎಂದೆ. ಮುಗಿದೇ ಹೋಯಿತು! ಏಳು ಜನ ಕೇಳದಿದ್ದರೆ ದೇವರಿಗೆ ಹೇಳಲು ನನ್ನ ಹತ್ತಿರ ಇದ್ದದ್ದು ಇಷ್ಟೇ. ನಾಚಿಕೆಯಾಯಿತು. ಕಣ್ಣು ಮುಚ್ಚಿಕೊಂಡೇ ನಾಚಿಕೆಪಟ್ಟೆ. ಫ್ಯಾನು ತಿರುಗುತ್ತಿತ್ತು. ಗೋಡೆಯಾಚೆಯೂ ಸದ್ದಿಲ್ಲ, ಈಚೆಯೂ ಸದ್ದಿಲ್ಲ.

ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಹೆಂಗಸರೆಲ್ಲ ಸೆರಗು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದರು. ಎಲಿಸಮ್ಮ ನನ್ನ ಮೂಗು ಹಿಂಡಲು ಕೈ ಚಾಚಿದ್ದಳು.

ಸಂಜೆ ನಲ್ಲಿಯ ಹತ್ತಿರ ಬಸವರಾಜ ಸಿಕ್ಕಿದ. ಕಣ್ಣು ಬೆಳ್ಳಗಿತ್ತು. ಹತ್ತೂ ಬೆರಳು ಕೂಡಿಸಿ ನಮಸ್ಕಾರ ಮಾಡಿದ.

"ಅಜ್ಜಿ, ಇವತ್ತ ಬುಧವಾರ ಆದ್ರೂ ಚಲೋ ನಿದ್ದಿ ಆತ್ರಿ. ನಡುವ ಒಮ್ಮೆ ಯಾರೋ ಕಟಿಗಿ ಕೊಯ್ಯಾಕತ್ತಾರೇನೋ ಅಂತ ಎಚ್ಚರಾತು. ಆಮ್ಯಾಲ ನೀವ ಅಂತ ಗೊತ್ತಾಗಿ ಮತ್ತ ಮಕ್ಕೊಂಡ್ನಿ. ನಿಮಗೂ ಚಲೋ ಆತಲ್ರಿ?"

ಈಗ ಬುಧವಾರ ನನ್ನ ಪಕ್ಕದಲ್ಲಿ ಎಲಿಸಮ್ಮ ಕೂರುತ್ತಾಳೆ. ನನ್ನ ಉಸಿರು ಸ್ವಲ್ಪ ದಪ್ಪಗಾದರೆ ತೊಡೆಗೆ ಚಿವುಟುತ್ತಾಳೆ. ನಾನು ಕೂಗದೆ ತಡೆದುಕೊಳ್ಳುತ್ತೇನೆ. ವಿಶ್ವಾಸಕ್ಕಾಗಿ ನಾನು ಪಟ್ಟ ಗಾಯ ಒಟ್ಟಾರೆ ಇದೊಂದೇ, ಅದೂ ಪಾಸ್ಟರಿಗೆ ತೋರಿಸುವ ಜಾಗದಲ್ಲಿಲ್ಲ.