ಗುಲ್‌ಮೊಹರ್ ಮರದ ಕಾಗೆಯವರಿಗೆ, ಕೆಂಪು ವೈರಿನ ವಿಷಯವಾಗಿ

ಮುಂಬಯಿಯ ಭಾಂಡುಪ್‌ನ ನಮ್ಮ ಬಿಲ್ಡಿಂಗಿನ ಅಂಗಳದ ಗುಲ್‌ಮೊಹರ್ ಮರದಲ್ಲಿ ಸಪತ್ನೀಕರಾಗಿ ವಾಸವಾಗಿರುವ ಮಾನ್ಯ ಕಾಗೆಯವರ ಸನ್ನಿಧಿಗೆ, ಅದೇ ಮರದ ಕೆಳಗೆ ಬೈಕ್ ನಿಲ್ಲಿಸುವ ಹಿತೇಶನ ಸಾಷ್ಟಾಂಗ ನಮಸ್ಕಾರಗಳು. ತಾವೂ ತಮ್ಮ ಮರಿಗಳೂ ಕ್ಷೇಮವೆಂಬುದು ದಿನವೂ ನನ್ನ ಹೆಲ್ಮೆಟ್ಟಿನ ಮೇಲೆ ಬೀಳುವ ಪೆಟ್ಟಿನಿಂದ ತಿಳಿಯುತ್ತಿದೆ.

ಮಾನ್ಯರೇ, ಬರುವ ಶನಿವಾರ ಇಲ್ಲಿಂದ ಹೊರಟು, ಚಿತ್ರದುರ್ಗ ಮುಟ್ಟಿ, ಇಪ್ಪತ್ತನಾಲ್ಕು ಗಂಟೆಯೊಳಗೆ ಇಲ್ಲಿಗೇ ಮರಳುವ ಸವಾರಿಗೆ ನಾನು ಬಹುಕಾಲದಿಂದ ತಯಾರಾಗುತ್ತಿರುವುದು ತಮಗೆ ತಿಳಿಯದ್ದೇನಲ್ಲ. ಚೈನು ಬದಲಾಯಿಸಿದ್ದು, ಹೊಸ ಟೈರು ಹಾಕಿದ್ದು, ಇಡೀ ದಿನ ಕೂರಲೆಂದು ಧಾರಾವಿಯಲ್ಲಿ ಅಗಲವಾದ ಸೀಟು ಹೊಲಿಸಿದ್ದು, ಎಲ್ಲವನ್ನೂ ತಾವು ಕತ್ತು ಓರೆ ಮಾಡಿ ಪರಿಶೀಲಿಸಿದ್ದೀರಿ. ಕೆಳಗಿನ ಮನೆಯ ಶರಣಬಸಪ್ಪನವರು, “ದುರ್ಗಕ್ಕ ಹೋಗಿ ಕಿಲ್ಲಾ ನೋಡಂಗಿಲ್ಲ, ಊಟಾ ಮಾಡಂಗಿಲ್ಲ, ಹಂಗ ತಿರುಗಿ ಬರೂದಂದ್ರ, ಮನ್ಯಾಗ ಗ್ಯಾಸ್ ಬಂದ್ ಮಾಡೂದು ಮರತಿರ್ತೀರೇನ್ರೀ?” ಎಂದು ವಿಚಾರಿಸಿದರು. ಅಂಥ ಪ್ರಶ್ನೆ ಕೇಳದ ತಮ್ಮ ಸೌಜನ್ಯಕ್ಕೆ ನಾನು ಋಣಿ.

ಮುಂದಿನ ಹೆಚ್ಚುವರಿ ದೀಪಕ್ಕೆಂದು ಕತ್ತರಿಸಿಟ್ಟಿದ್ದ ಕೆಂಪು ವೈರನ್ನು, ನಾನು ಸ್ಪ್ಯಾನರ್ ತರಲು ಒಳಗೆ ಹೋದಾಗ, ತಾವು ಗೂಡಿಗೆ ಒಯ್ದಿರಿ. ಅದನ್ನು ಹೆಣೆದ ಅಚ್ಚುಕಟ್ಟು ನನ್ನ ಮೆಕ್ಯಾನಿಕ್ಕಿಗೂ ಬಾರದು.

ಆದರೆ ವೈರು ಸಣ್ಣ ವಿಷಯ. ನಾನು ಬೈಕ್ ಹತ್ತಿದೊಡನೆ ತಾವು ತಲೆಗೆ ಕುಕ್ಕುತ್ತೀರಿ. ಲೋಕಲ್ ಹಿಡಿಯಲು ಸ್ಟೇಷನ್ನಿಗೆ ನಡೆದು ಹೊರಟರೆ ಸುಮ್ಮನಿರುತ್ತೀರಿ. ಬೈಕ್ ಇರುವುದು ಗೂಡಿನ ಕೆಳಗೆ, ತಮಗೆ ಮರಿಗಳ ಚಿಂತೆ ಎಂಬ ನನ್ನ ವಿವರಣೆಯನ್ನು ನನ್ನ ತಾಯಿ ನೀಲಾವತಿಯವರು ಒಪ್ಪುವುದಿಲ್ಲ. ಹೋದ ವರ್ಷ ತೀರಿಕೊಂಡ ನನ್ನ ತಂದೆಗೂ ಬೈಕೆಂದರೆ ಆಗುತ್ತಿರಲಿಲ್ಲ. ಲೋಕಲ್ ಇರುವ ಊರಿನಲ್ಲಿ ಇದೆಂಥದು ಎನ್ನುತ್ತಿದ್ದರು. “ಅಪ್ಪನಿಗೆ ನೀನು ಹೋಗುದು ಮನಸ್ಸಿಲ್ಲ ಮಾರಾಯ. ಬೇರೆ ಯಾರಿಗಾದ್ರೂ ಕುಕ್ಕುದುಂಟಾ?” ಎಂಬುದು ಅಮ್ಮನ ವಾದ.

ತಾವು ನನ್ನ ತಂದೆಯಲ್ಲವೆನ್ನಲು ನನ್ನಲ್ಲಿ ಆಧಾರವಿದೆ. ಬಾಂದ್ರಾದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಜೀವಮಾನವಿಡೀ ಕುಳಿತ ಅವರು ಪರರ ಹಲ್ಲುಕಡ್ಡಿಯನ್ನೂ ಮನೆಗೆ ತಂದವರಲ್ಲ. ಆದರೆ ದೋಸೆಯ ಗರಿಗರಿ ಅಂಚನ್ನಷ್ಟೇ ತಿಂದು ನಡುವನ್ನು ಬಿಡುವ, ಅವರದೇ ಆಗಿದ್ದ ಅಭ್ಯಾಸವನ್ನು ತಾವು ರೂಢಿಸಿಕೊಂಡು ನನ್ನ ಪಕ್ಷವನ್ನು ದುರ್ಬಲಗೊಳಿಸಿದ್ದೀರಿ.

ಶ್ರಾದ್ಧದ ದಿನ ಕಾಗೆ ಪಿಂಡ ಮುಟ್ಟದಿದ್ದರೆ, ಹೋದವರ ಮನಸ್ಸಿನಲ್ಲಿ ಉಳಿದದ್ದನ್ನು ನಡೆಸಿಕೊಡುತ್ತೇವೆಂದು ಗಟ್ಟಿಯಾಗಿ ಮಾತು ಕೊಡುವ ಕ್ರಮವುಂಟಷ್ಟೆ. ಅಮ್ಮ ಅದನ್ನೇ ಇಲ್ಲಿಗೂ ಅನ್ವಯಿಸಿ, ನಿನ್ನೆ ಬೆಳಿಗ್ಗೆ ಹೊಸ ಸೀಟಿನ ಮೇಲೆ ದೋಸೆಯ ತಟ್ಟೆಯಿಟ್ಟು, ತಾವು ಮುಟ್ಟಿದರೆ ಮಾತ್ರ ಸವಾರಿ ಎಂದರು. ಇಡೀ ಬಿಲ್ಡಿಂಗ್ ಬಾಲ್ಕನಿಗಳಲ್ಲಿ ನಿಂತು ನೋಡಿತು. ಪ್ರತಿ ಪೆಟ್ರೋಲ್ ಪಂಪಿನಿಂದಲೂ ಫೋನ್ ಮಾಡುತ್ತೇನೆಂದೆ. ತಾವು ರೆಕ್ಕೆ ಕೆದರಿಕೊಂಡಿರಿ. ನಿದ್ದೆ ಬಂದರೆ ಅಲ್ಲೇ ಮಲಗುತ್ತೇನೆ, ಇಪ್ಪತ್ತನಾಲ್ಕು ಗಂಟೆ ಮೀರಿದರೆ ಮೀರಲಿ ಎಂದೆ. ತಾವು ಬೆನ್ನು ತಿರುಗಿಸಿದಿರಿ. “ಬೈಕ್ ಮಾರ್ತೀನಿ ಅನ್ರೀ, ಈಗಿಂದೀಗ ಬರ್ತದ!” ಎಂದು ಶರಣಬಸಪ್ಪನವರು ಸಲಹೆಯಿತ್ತರು. ದೋಸೆ ಆರಿತು. ಕೊನೆಗೆ, “ಅಪ್ಪ, ವಾಪಸ್ ಬರ್ತೇನೆ” ಎಂದೆ.

ತಾವು ಇಳಿದು ಬಂದು ಅಂಚು ತಿಂದಿರಿ. ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಆದಕಾರಣ ವಿನಂತಿಸುವುದೇನೆಂದರೆ, ಶನಿವಾರ ನಾನು ಹೊರಡುವಾಗ ತಾವು ದಯವಿಟ್ಟು ಕುಕ್ಕಬಾರದು. ಕುಕ್ಕಿದರೆ ಕೊಟ್ಟ ಒಪ್ಪಿಗೆ ರದ್ದಾಯಿತೆಂದು ಅಮ್ಮ ತಿಳಿಯುತ್ತಾರೆ. ನಾನು ನಿಪ್ಪಾಣಿ ಸುಖವಾಗಿ ದಾಟಿದ್ದನ್ನು ತಾವು ಅಡುಗೆಮನೆಯ ಕಿಟಕಿಗೆ ಬಂದು ಅವರಿಗೆ ತಿಳಿಸಬೇಕು. ಭಾನುವಾರ ಮರಳಿದ ಮೇಲೆ ಮನಸೋ ಇಚ್ಛೆ ಕುಕ್ಕಬಹುದು. ಹೆಲ್ಮೆಟ್ ತೆಗೆಯದೆ ನಿಂತಿರುತ್ತೇನೆ.

ತಮ್ಮ ವಿಶ್ವಾಸಿ (ಮಗನೂ ಹೌದೇ ಎಂಬುದು ತಮ್ಮ ತೀರ್ಮಾನಕ್ಕೆ ಬಿಟ್ಟದ್ದು),
ಹಿತೇಶ

ತಾ.ಕ.: ತಾವು ನನ್ನ ತಂದೆಯಲ್ಲವಾದರೆ ವೈರನ್ನು ಕೂಡಲೇ ಹಿಂತಿರುಗಿಸಿ. ಹೌದಾದರೆ ಇಟ್ಟುಕೊಳ್ಳಿ, ಆದರೆ ಅಪ್ಪ, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ಬಿಲ್ಲಿಲ್ಲದೆ ಸಾಮಾನು ಒಯ್ಯುವುದೇ?