ತಗಡಿನ ಕೆಳಗೊಂದು ಬೆಂಡಿನ ಚಾವಣಿ

ಮನೆ ತಂಪಾಗಲಿ ಎಂದು ಯಾರಾದರೂ ಸುತ್ತಿಗೆ, ಮೊಳೆ ಕೈಗೆತ್ತಿಕೊಂಡರೆ ಸಾಕು, ತಂಪಿಗಿಂತ ಮೊದಲು ಫಜೀತಿ ಬಂದು ಬಾಗಿಲು ತಟ್ಟುತ್ತದೆ. ಐವತ್ತರ ದಶಕದಲ್ಲಿ ಸಾಂತಾಕ್ರೂಜ್‌ನ ಒಂದು ಹಳೆಯ ಬಿಲ್ಡಿಂಗಿನ ಮೇಲಿನ ಮಾಳಿಗೆಯಲ್ಲಿ ಸಂಸಾರ ಹೂಡಿದ್ದ ನನಗೆ ಒಂದೇ ಬೇಸಿಗೆಯಲ್ಲಿ ಇದು ಪೂರ್ತಿ ಅರ್ಥವಾಯಿತು. ಅಂದು ಅಳು ಬರಿಸಿದ ಸಂಗತಿಗಳೇ ಇಂದು ನೆನೆದರೆ ನಗು ಬರಿಸುತ್ತವೆ.

೧. ಜ್ವರ ಯಾರಿಗೆ?

ನಮ್ಮ ಮನೆಯೆಂದರೆ ಒಂದು ಖೋಲಿ, ಅದರ ಮೂಲೆಯಲ್ಲೇ ಅಡಿಗೆ, ತಲೆಯ ಮೇಲೆ ತಗಡು. ನಮ್ಮ ಮನೆಯವರು ಬೈಕುಲ್ಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಅಲ್ಲಿ ಮಂಜುಗಡ್ಡೆ ಇಡುವ ಬರ್ಫದ ಪೆಟ್ಟಿಗೆಗಳನ್ನೂ ಹಣ್ಣು, ಮೀನು ಕೆಡದಂತೆ ಇಡುವ ತಂಪು ಕೋಣೆಗಳನ್ನೂ ಮಾಡುತ್ತಿದ್ದರು. ಹಗಲೆಲ್ಲ ತಂಪಿನ ನಡುವೆ ಕೂತು, ಸಂಜೆ ಲೋಕಲ್ ಹಿಡಿದು, ಅವರು ಬಂದು ಸೇರುತ್ತಿದ್ದದ್ದು ಕಾದ ಬಾಣಲೆಯಂಥ ಈ ಮನೆಗೆ.

ಆ ವರ್ಷ ಅತ್ತೆಯವರು ವಿಜಾಪುರದಿಂದ ಬಂದು ನಮ್ಮ ಜೊತೆಗೇ ಉಳಿದರು. ಅವರಿಗೆ ಇದ್ದದ್ದು ಇವರೊಬ್ಬರೇ ಮಗ. "ನಮ್ಮೂರ ಬಿಸಲಿಗೇ ಹೆದರದಾಕಿ ನಾ, ನಿಮ್ಮ ಮುಂಬಯಿ ಬಿಸಲು ಏನ್ಮಾಡೀತು?" ಎಂದು ಬಂದ ದಿನವೇ ಹೇಳಿದ್ದರು. ಆದರೆ ವಿಜಾಪುರದಲ್ಲಿ ಗೋಡೆ ದಪ್ಪ, ಮಾಳಿಗೆಯ ಮೇಲೆ ಮಣ್ಣು. ಇಲ್ಲಿ ಸೂರ್ಯನಿಗೂ ನಮಗೂ ನಡುವೆ ಒಂದು ತಗಡು ಮಾತ್ರ, ಸಾಲದ್ದಕ್ಕೆ ಬೆವರು ಆರಗೊಡದ ಸಮುದ್ರದ ಗಾಳಿ. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಿದ್ದವರು ಹಾಗೇ ಮೊರದ ಮೇಲೆ ಒರಗಿಬಿಟ್ಟರು.

ಮೈಸೂರು ಕಡೆಯ ಡಾಕ್ಟರು ಒಬ್ಬರು ಓಣಿಯ ತುದಿಯಲ್ಲಿದ್ದರು. ಓಡಿಹೋಗಿ ಕರೆತಂದೆ. ಅವರು ನಾಡಿ ನೋಡಿದರು, ತಗಡು ನೋಡಿದರು, ಹಣೆ ಒರೆಸಿಕೊಂಡರು.

"ನೋಡಿ ಅಮ್ಮ, ಈ ಸೆಕೆಯಲ್ಲಿ ಇವರನ್ನು ಇಟ್ಟುಕೊಳ್ಳಬೇಡಿ. ಮನೆ ಬದಲಾಯಿಸಿ, ಇಲ್ಲ ಊರಿಗೆ ಕಳಿಸಿಬಿಡಿ. ಮತ್ತೊಮ್ಮೆ ಹೀಗಾದರೆ ನಾನೂ ಏನೂ ಮಾಡೋಕಾಗಲ್ಲ."

ಮುಂಬಯಿಯಲ್ಲಿ ಮನೆ ಬದಲಾಯಿಸುವುದು ಸೀರೆ ಬದಲಾಯಿಸಿದಂತಲ್ಲ. ಅದು ಡಾಕ್ಟರಿಗೂ ಗೊತ್ತು, ನನಗೂ ಗೊತ್ತು. ಸೂಜಿಮದ್ದು ಕೊಡಲು ಅವರು ಚೀಲ ತೆರೆದಾಗ ಅತ್ತೆಯವರು ಕಣ್ಣು ಬಿಟ್ಟು ಮೆಲ್ಲಗೆ ಅಂದರು: "ಡಾಕ್ಟರ, ಜ್ವರ ಬಂದದ್ದು ನನಗಲ್ರಿ, ಆ ತಗಡಿಗೆ. ಸೂಜಿ ಅದಕ್ಕ ಚುಚ್ಚರಿ."

೨. ಸಿಹಿ ಮಳೆ

ಅತ್ತೆಯವರನ್ನು ಊರಿಗೆ ಕಳಿಸುವ ಮಾತನ್ನು ನಮ್ಮ ಮನೆಯವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನಿಜ ಹೇಳಬೇಕೆಂದರೆ ಅತ್ತೆಯವರಿಗೂ ನನಗೂ ದಿನವೂ ಕಿರಿಕಿರಿ ಇತ್ತು. ಉಪ್ಪಿನ ಡಬ್ಬಿ ಎಲ್ಲಿಡಬೇಕೆಂಬುದರಿಂದ ಹಿಡಿದು ಕಿಟಕಿ ಯಾವಾಗ ತೆರೆಯಬೇಕೆಂಬುದರವರೆಗೆ. ಆದರೂ ಮೊರದ ಮೇಲೆ ಒರಗಿದ ಆ ಮುಖ ಕಂಡ ಮೇಲೆ ಅವರಿಲ್ಲದ ಮನೆ ನನಗೂ ಬೇಡವಾಗಿತ್ತು.

ತಗಡಿನ ಮೇಲೆ ಒದ್ದೆ ಗೋಣಿ ಹಾಸಿದರೆ ತಂಪಾಗುತ್ತದೆ ಎಂದು ಯಾರೋ ಹೇಳಿದರು. ನಮ್ಮ ಮನೆಯವರು ಬೈಕುಲ್ಲಾ ಮಾರ್ಕೆಟ್ಟಿನಿಂದ ಖಾಲಿ ಗೋಣಿಚೀಲಗಳನ್ನು ತಂದು, ಭಾನುವಾರ ಏಣಿ ಹತ್ತಿ, ಸೂರಿನ ತುಂಬ ಹಾಸಿ, ಕೊಡಗಟ್ಟಲೆ ನೀರು ಸುರಿದು ಇಳಿದರು. ಖೋಲಿ ನಿಜವಾಗಿಯೂ ತುಸು ತಣ್ಣಗಾಯಿತು. ಅತ್ತೆಯವರು ಮಗನ ಬೆನ್ನು ಸವರಿದರು. ಊಟಕ್ಕೆ ಕೂತೆವು.

ತಗಡಿನ ಮೊಳೆಯ ತೂತುಗಳಿಂದ ನೀರು ತೊಟ್ಟು ತೊಟ್ಟಾಗಿ ಇಳಿಯತೊಡಗಿತು. ಒಂದು ಹನಿ ನಮ್ಮ ಮನೆಯವರ ಮೀಸೆಯ ಮೇಲೆ, ಒಂದು ಸಾರಿನಲ್ಲಿ. ಅವರು ತುಟಿ ಸವರಿಕೊಂಡು ನನ್ನ ಮುಖ ನೋಡಿದರು.

"ಸಾರಿಗೆ ಬೆಲ್ಲ ಜಾಸ್ತಿ ಹಾಕಿದೀ ಏನು?"

"ಸಾರು ನಾ ಮಾಡಿಲ್ಲ, ಅತ್ತೆಯವರು ಮಾಡ್ಯಾರ."

"ನಾ ಬೆಲ್ಲ ಹಾಕೇ ಇಲ್ಲ," ಎಂದರು ಅತ್ತೆಯವರು.

ಆ ಗೋಣಿಗಳಲ್ಲಿ ಮೊದಲು ತುಂಬಿದ್ದದ್ದು ಬೆಲ್ಲ. ಸಂಜೆಯ ಹೊತ್ತಿಗೆ ಬಿಲ್ಡಿಂಗಿನ ಇರುವೆಗಳೆಲ್ಲ ಗೋಡೆ ಹಿಡಿದು ಸಾಲಾಗಿ ಮೇಲೆ ಹೊರಟಿದ್ದವು. ಅತ್ತೆಯವರು ಆ ಸಾಲನ್ನೇ ನೋಡುತ್ತ ಅಂದರು: "ಮುಂಬಯಿಗೆ ಬಂದವರು ಯಾರೂ ತಿರಗಿ ಹೋಗೂದಿಲ್ಲ ಅಂತಾರಲ್ಲ, ಇವಕ್ಕೂ ಜಾಗಾ ಮಾಡಿಕೊಡು."

೩. ಒಗ್ಗರಣೆ

ಬೆಲ್ಲದ ಗೋಣಿಗಳು ಇಳಿದ ಮೇಲೆ ನಮ್ಮ ಮನೆಯವರು ಗಂಭೀರವಾಗಿ ಯೋಚಿಸಿದರು. ಬರ್ಫದ ಪೆಟ್ಟಿಗೆಯ ಎರಡು ಗೋಡೆಗಳ ನಡುವೆ ಬೆಂಡಿನ ಹಲಗೆ ತುಂಬುತ್ತಾರೆ. ಸೀಸೆಯ ಬಿರಡೆ ಮಾಡುತ್ತಾರಲ್ಲ, ಅದೇ ಬೆಂಡು. ಹೊರಗಿನ ಸೆಕೆ ಅದನ್ನು ದಾಟಿ ಒಳಗೆ ಬರಲಾರದು. ಬರ್ಫ ಕರಗದಂತೆ ಕಾಯುವ ವಸ್ತು ತಾಯಿಯನ್ನು ಕಾಯದೇ? ಕಾರ್ಖಾನೆಯ ಯಜಮಾನರನ್ನು ಕೇಳಿ ಉಳಿದ ತುಂಡುಗಳನ್ನು ದಿನಕ್ಕಿಷ್ಟು ಲೋಕಲಿನಲ್ಲಿ ಹೊತ್ತು ತಂದರು.

ಅತ್ತೆಯವರು ಒಂದು ತುಂಡು ಎತ್ತಿ ಮೂಸಿ ನೋಡಿದರು. "ಇದರಾಗ ಮೀನ ಇಟ್ಟಿದ್ದರೇನು?"

"ಇಲ್ಲವ್ವಾ, ಹೊಸಾದು."

"ದೇವರಾಣಿ?"

"ದೇವರಾಣಿ."

ತಗಡಿನ ಕೆಳಗೆ ಗೇಣಷ್ಟು ಜಾಗ ಬಿಟ್ಟು, ಪಟ್ಟಿ ಹೊಡೆದು, ಹಲಗೆ ಕೂಡಿಸಿ, ಅದರ ಮೇಲೆ ಬೆಂಡು ಹಾಸಿ ಚಾವಣಿ ಮಾಡಿದರು. ಅದಾದ ಮೇಲೆ ಅವರ ಕಣ್ಣು ಸಂದುಗಳ ಮೇಲೆ ಬಿತ್ತು. ಗೋಡೆಗೂ ತಗಡಿಗೂ ನಡುವಿನ ಸಂದು, ಕಿಟಕಿಯ ಸಂದು, ಬಾಗಿಲ ಸಂದು. ಬಿಸಿಗಾಳಿ ನುಗ್ಗುವುದು ಅಲ್ಲಿಂದಲೇ ಎಂದು ಚಿಂದಿ, ಸುಣ್ಣ, ಅಂಟು ಸೇರಿಸಿ ಎಲ್ಲವನ್ನೂ ತುಂಬಿದರು. ಅತ್ತೆಯವರು ಊರಿಂದ ತಂದ ಕಂಬಳಿಯ ಅಂಚು ಕತ್ತರಿಸಿ ಬಾಗಿಲ ಚೌಕಟ್ಟಿಗೆ ಸುತ್ತಲೂ ಬಡಿದರು. ಬಾಗಿಲು ಹಾಕಿದರೆ ಸೂಜಿ ತೂರುವಷ್ಟೂ ಎಡೆಯಿಲ್ಲ. ಬೇಸಿಗೆಯ ನಡುಹಗಲಿನಲ್ಲಿ ಖೋಲಿ ಗುಡಿಯ ಒಳಗಿನ ಹಾಗೆ ತಣ್ಣಗಿತ್ತು.

"ಒಂದು ಬಿರುಕೂ ಬಿಟ್ಟಿಲ್ಲ ನೋಡು," ಎಂದರು ನಮ್ಮ ಮನೆಯವರು, ಕೈ ಒರೆಸಿಕೊಳ್ಳುತ್ತ.

ಆ ಖುಷಿಯಲ್ಲಿ ಅತ್ತೆಯವರು ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಇಟ್ಟರು. ಘಾಟು ಎದ್ದಿತು, ಮೇಲಕ್ಕೆ ಹೋಯಿತು, ಬೆಂಡಿಗೆ ತಾಗಿತು, ದಾರಿ ಕಾಣದೆ ತಿರುಗಿ ನಮ್ಮ ಮೇಲೇ ಬಂತು. ಮೂವರೂ ಸೀನುತ್ತ, ಕೆಮ್ಮುತ್ತ, ಕಣ್ಣೀರು ಸುರಿಸುತ್ತ ಖೋಲಿಗಳ ಮುಂದಿನ ಗ್ಯಾಲರಿಗೆ ಬಂದು ಬಿದ್ದೆವು. ಅಕ್ಕಪಕ್ಕದವರೆಲ್ಲ ಹೊರಗೆ ಬಂದು, ಮನೆಯಲ್ಲಿ ಯಾರೋ ತೀರಿಕೊಂಡರೆಂದು ನಮ್ಮನ್ನು ಸಂತೈಸತೊಡಗಿದರು. ಉಸಿರು ತಿರುಗಿದ ಮೇಲೆ ಅತ್ತೆಯವರು ಮಗನಿಗೆ ಹೇಳಿದರು: "ಬರ್ಫ ಒಗ್ಗರಣಿ ಹಾಕಂಗಿಲ್ಲಪಾ. ಒಲಿ ಮ್ಯಾಲ ಒಂದು ತೂತು ಮಾಡು."

ತೂತು ಆಯಿತು. ಬಿಸಿಲಿದ್ದಾಗ ಕಿಟಕಿ ಮುಚ್ಚಿ, ಸಂಜೆ ಸಮುದ್ರದ ಗಾಳಿ ಎದ್ದಾಗ ತೆರೆಯಬೇಕು ಎಂಬುದನ್ನೂ ನಿಧಾನಕ್ಕೆ ಕಲಿತೆವು. ಯಾವಾಗ ತೆರೆಯಬೇಕೆಂಬ ನಮ್ಮ ಅತ್ತೆ ಸೊಸೆಯರ ಹಳೆಯ ಜಗಳವೂ ಅದರಿಂದ ತಾನಾಗಿ ತೀರಿತು.

೪. ನನ್ನ ಹೆಸರು

ನಮ್ಮ ಖೋಲಿಗೂ ಪಕ್ಕದ ಖೋಲಿಗೂ ನಡುವಿನ ಗೋಡೆ ಸೂರಿನ ತನಕ ಮುಟ್ಟಿರಲಿಲ್ಲ. ಆ ಸಂದನ್ನೂ ನಮ್ಮ ಮನೆಯವರು ಮುಚ್ಚಿದ್ದರು. ಆಚೆ ಇದ್ದವರು ಒಬ್ಬ ಮರಾಠಿ ಆಜಿ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದರೆ ಹಗಲೆಲ್ಲ ಅವರೊಬ್ಬರೇ. ನನ್ನನ್ನು ಕಂಡಾಗಲೆಲ್ಲ "ಯೆಲ್ಲಿಟ್ಟಿಬಾಯಿ" ಎಂದು ಬಾಯ್ತುಂಬ ಕರೆಯುತ್ತಿದ್ದರು. ಮರಾಠಿಯಲ್ಲಿ ಇದೇನೋ ಪ್ರೀತಿಯ ಮಾತಿರಬೇಕೆಂದು ನಾನೂ ಓಗೊಡುತ್ತಿದ್ದೆ.

ಸಂದು ಮುಚ್ಚಿದ ಕೆಲವು ದಿನಗಳಿಗೆ ಆಜಿ ಬಾಗಿಲಲ್ಲಿ ಬಂದು ನಿಂತರು. ಮುಖ ಸಣ್ಣದಾಗಿತ್ತು.

"ನಿಮ್ಮ ಅತ್ತೆಗೆ ಹುಷಾರಿಲ್ಲವೇ?" ಎಂದು ಮರಾಠಿಯಲ್ಲಿ ಕೇಳಿದರು. "ಧ್ವನಿಯೇ ಇಲ್ಲ. ಮೊದಲು ನೀವಿಬ್ಬರೂ ಮಾತಾಡುತ್ತಿದ್ದರೆ ನನಗೂ ಮನೆ ತುಂಬಿದಂತಿತ್ತು. ಈಗ ಮಧ್ಯಾಹ್ನ ಕಣ್ಣೇ ಮುಚ್ಚುವುದಿಲ್ಲ."

ಸೆಕೆಯನ್ನು ಹೊರಗಿಟ್ಟೆವೆಂದು ಬೀಗುತ್ತಿದ್ದ ನಾವು ಜೊತೆಗೆ ಇವರನ್ನೂ ಹೊರಗಿಟ್ಟಿದ್ದೆವು. ಒಳಗೆ ಕರೆದು ಕೂರಿಸಿ ಚಹಾ ಕೊಟ್ಟೆ. ಅಂದಿನಿಂದ ಅವರು ದಿನವೂ ಮಧ್ಯಾಹ್ನ ಬಂದು ಅತ್ತೆಯವರ ಪಕ್ಕದಲ್ಲೇ ಉರುಳಿಕೊಳ್ಳತೊಡಗಿದರು. ಒಬ್ಬರದು ಮರಾಠಿ, ಒಬ್ಬರದು ಕನ್ನಡ. ಏನು ತಿಳಿಯುತ್ತಿತ್ತೋ ದೇವರೇ ಬಲ್ಲ, ಮಾತಿಗೆ ಮಾತ್ರ ಕೊನೆಯಿರಲಿಲ್ಲ.

ಒಂದು ದಿನ ಧೈರ್ಯ ಮಾಡಿ ಕೇಳಿದೆ: "ಆಜಿ, ಯೆಲ್ಲಿಟ್ಟಿ ಎಂದರೇನು?"

ಆಜಿಗೆ ಆಶ್ಚರ್ಯ. "ಅಯ್ಯೋ, ನಿನ್ನ ಹೆಸರಲ್ಲವೇ? ಬೆಳಗಿನಿಂದ ಸಂಜೆಯ ತನಕ ನಿನ್ನ ಅತ್ತೆ ಹಾಗೇ ಕೂಗುತ್ತಿರುತ್ತಾರಲ್ಲ, 'ಉಪ್ಪು ಎಲ್ಲಿಟ್ಟಿ? ಸೌಟು ಎಲ್ಲಿಟ್ಟಿ?' ಅಂತ!"

೫. ಐದು ನಿಮಿಷ

ಮನೆ ತಂಪಾದ ಸುದ್ದಿ ನಮ್ಮ ಊರ ಕಡೆಯವರಿಗೆಲ್ಲ ಮುಟ್ಟಿತು. ಮೊದಲೆಲ್ಲ ಬಂದ ನೆಂಟರು ಕುಡಿದ ನೀರು ಬೆವರಾಗುವ ಮುಂಚೆಯೇ ಎದ್ದು ಹೋಗುತ್ತಿದ್ದರು. ಈಗ ಬೆಳಗಾವಿಯ ವ್ಯಾಪಾರಸ್ಥ ನೆಂಟರೊಬ್ಬರು "ಐದು ನಿಮಿಷ ಕಾಲು ಚಾಚತೀನಿ" ಎಂದು ಊಟವಾದ ಮೇಲೆ ಮಲಗಿ, ದೀಪ ಹಚ್ಚುವಾಗ ಎದ್ದರು. ಮರುದಿನ ತಮ್ಮ ಮೈದುನನನ್ನೂ ಕರೆತಂದರು. ಮೂರನೆಯ ದಿನ ಅವರು ದಿಂಬನ್ನೇ ಹಿಡಿದು ಬಂದಾಗ ಅತ್ತೆಯವರು ಎದ್ದು, ನಡುಹಗಲಿನಲ್ಲಿ ಬಾಗಿಲು, ಕಿಟಕಿ ಎಲ್ಲ ತೆರೆದಿಟ್ಟರು.

"ಯಾಕ್ರೀ ಅವ್ವಾರ?"

"ಮಂದಿ ಭಾಳ ಆಗೇತಿ. ಒಂದೀಟು ಗಾಳಿ ಬೆಳಕು ಬರ್ಲಿ."

ಅವರು ದಿಂಬು ಕಂಕುಳಲ್ಲಿ ಇರುಕಿಕೊಂಡು ಹೋದರು. ಸೆಕೆಯನ್ನು ಹೊರಗಿಡಲು ಕಲಿತ ಅತ್ತೆಯವರು ಬೇಕೆಂದಾಗ ಅದನ್ನು ಒಳಗೆ ಕರೆಯುವುದನ್ನೂ ಕಲಿತಿದ್ದರು.

೬. ಬಾಗಿಲು

ಮೊದಲ ಮಳೆ ಬಿದ್ದ ವಾರ ಬಿಲ್ಡಿಂಗಿನ ಮಾಲಕರಿಂದ ಹೇಳಿಕೆ ಬಂತು. ತಮ್ಮನ್ನು ಕೇಳದೆ ಚಾವಣಿ ಹಾಕಿದ್ದೇವಂತೆ. ಅದನ್ನು ಕಿತ್ತು ಹಾಕಬೇಕು, ಇಲ್ಲವೇ ಖೋಲಿ ಬಿಡಬೇಕು. ಅತ್ತೆಯವರು ಅಂದು ಊಟ ಮಾಡಲಿಲ್ಲ. ಗೋಡೆಗೆ ಮುಖ ಮಾಡಿ, "ನನ್ನ ಸಲುವಾಗಿ ನಿಮಗಿದು ತ್ರಾಸ. ನಾ ಊರಿಗೆ ಹೊಂಟುಬಿಡತೀನಿ," ಅಂದರು. ಬಂದಾಗಿನಿಂದ ಅವರು ಸೋತು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಾನು ಅವರ ತಟ್ಟೆಯನ್ನು ಹಾಗೇ ಮುಚ್ಚಿಟ್ಟು, ನನ್ನದನ್ನೂ ಮುಚ್ಚಿಟ್ಟೆ.

ಮರುದಿನ ಗಂಡಸರೆಲ್ಲ ಕೆಲಸಕ್ಕೆ ಹೋದ ಮೇಲೆ ಮಾಲಕರಾದ ಸೇಟರು ಸ್ವತಃ ಬಂದರು. ದೊಡ್ಡ ಮೈ, ತೊಯ್ದ ಛತ್ರಿ, ಉರಿಯುವ ಮುಖ. ಗ್ಯಾಲರಿಯಲ್ಲಿ ಹೆಂಗಸರು ಕಿವಿ ನಿಮಿರಿಸಿ ನಿಂತದ್ದು ಕಂಡು, ಒಳಗೆ ಬಂದವರೇ ಬಾಗಿಲನ್ನು ಮೈಯೆಲ್ಲ ಬಲ ಹಾಕಿ ದಡ್ ಎಂದು ಒತ್ತಿ ಮುಚ್ಚಿದರು. ಮೇಲೆ ನೋಡಿದರು. ಬೈಯಲು ಬಾಯಿ ತೆರೆದರು.

"ಬಾರಿಶ್ ಬಂದ್ ಹೋ ಗಯಾ ಕ್ಯಾ?" ಎಂದು ಕೇಳಿದರು.

ಮಳೆ ನಿಂತಿರಲಿಲ್ಲ, ಕಿಟಕಿಯಾಚೆ ಧೋ ಎಂದು ಸುರಿಯುತ್ತಿತ್ತು. ಮೊದಲೆಲ್ಲ ತಗಡಿನ ಮೇಲೆ ಮಳೆ ಬಿದ್ದರೆ ಮನುಷ್ಯರ ಮಾತು ಕೇಳಿಸುತ್ತಿರಲಿಲ್ಲ. ಈಗ ಬೆಂಡಿನ ಆಚೆ ಯಾರೋ ದೂರದಲ್ಲಿ ಅಕ್ಕಿ ಕೇರಿದಂತೆ ಸಣ್ಣ ಸದ್ದು ಮಾತ್ರ. ಸೇಟರು ಸ್ವಲ್ಪ ಹೊತ್ತು ಅದನ್ನೇ ಕೇಳುತ್ತ ನಿಂತರು. ಆಮೇಲೆ ತಾವು ಬಂದ ಕೆಲಸ ನೆನಪಾಗಿ, "ಯೇ ಸಬ್ ನಿಕಾಲೋ!" ಎಂದು ಚಾವಣಿ ಕೀಳುವಂತೆ ಕೈ ತೋರಿ ಗುಡುಗಿ, ಹೊರಡಲು ಬಾಗಿಲ ಹಿಡಿ ಎಳೆದರು. ಹಿಡಿ ಕೈಗೆ ಬಂತು, ಬಾಗಿಲು ಬರಲಿಲ್ಲ. ಮಳೆಗೆ ಮರ ಉಬ್ಬಿತ್ತು, ಕಂಬಳಿಯ ಪಟ್ಟಿ ತೇವ ಕುಡಿದು ದಪ್ಪಗಾಗಿತ್ತು, ಸೇಟರ ಬಲ ಅದನ್ನು ಗಟ್ಟಿಯಾಗಿ ಕೂಡಿಸಿತ್ತು.

ಅವರು ಗುದ್ದಿದರು, ಕೂಗಿದರು. ಹೊರಗೆ ನಿಂತವರಿಗೆ ಏನೂ ಕೇಳಿಸಲಿಲ್ಲ. ನಾನು ಕಿಟಕಿ ತೆರೆದು ಕೂಗಿ ಹೇಳಿದ ಮೇಲೆ ಆಜಿಯೂ ಇತರ ಹೆಂಗಸರೂ ಹೊರಗಿನಿಂದ ತಳ್ಳಿದರು. ಬಾಗಿಲು ಅಲುಗಲಿಲ್ಲ. ಗಂಡಸರು ಬರುವ ತನಕ ದಾರಿಯಿರಲಿಲ್ಲ.

ಅತ್ತೆಯವರು ಮಣೆ ಹಾಕಿದರು. "ಕೂಡ್ರಿ ಸಾಹೇಬ್ರ." ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ ಬಡಿಸಿದರು. ತಮ್ಮನ್ನು ಹೊರಗೆ ಹಾಕಲು ಬಂದವರಿಗೆ ಅವರು ಎರಡನೆಯ ಸಲ ತುಪ್ಪ ಹಾಕುವುದನ್ನು ನಾನು ನೋಡುತ್ತ ನಿಂತೆ. ಸೇಟರು ಮೊದಲು ಬೇಡವೆಂದರು, ಆಮೇಲೆ ಬೇಡವೆನ್ನಲಿಲ್ಲ. ಊಟವಾಯಿತು. ಗೋಡೆಗೆ ಒರಗಿದರು. ಕಣ್ಣು ಎಳೆಯಿತು. ಚಾಪೆಯ ಮೇಲೆ ಜಾರಿ ಗೊರಕೆ ಹೊಡೆಯತೊಡಗಿದರು.

ಸಂಜೆ ನಮ್ಮ ಮನೆಯವರು ಬಂದರು. ಗ್ಯಾಲರಿಯ ತುಂಬ ಜನ. ಮೂರು ಗಂಡಸರು ಭುಜ ಕೊಟ್ಟು ಒಮ್ಮೆಲೇ ತಳ್ಳಿದಾಗ ಬಾಗಿಲು ಕಿರ್ರೆಂದು ತೆರೆಯಿತು. ಹೊಸ್ತಿಲಲ್ಲಿ ನಮ್ಮ ಮನೆಯವರು ಕೈಮುಗಿದು ನಿಂತರು. ಚಾವಣಿಯ ವಿಷಯವಾಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೊಂದಿಸಿಕೊಂಡು ಬಂದಿದ್ದರಂತೆ. ಅವರ ಬೆನ್ನ ಹಿಂದಿನಿಂದ ಜನರ ಗಲಾಟೆ, ಮಳೆಯ ಸದ್ದು, ಹೊರಗಿನ ಧಗೆ ಎಲ್ಲ ಒಟ್ಟಿಗೇ ಒಳಗೆ ನುಗ್ಗಿತು.

ಸೇಟರು ಕಣ್ಣು ಪೂರ್ತಿ ತೆರೆಯದೆಯೇ ಮಗ್ಗುಲಾಗಿ ಗದರಿಸಿದರು:

"ಅರೆ, ದರವಾಜಾ ಬಂದ್ ಕರೋ! ಸಾರಾ ಗರಮೀ ಅಂದರ್ ಆ ರಹಾ ಹೈ!"

ಬಾಗಿಲು ಮುಚ್ಚಿ, ಸೆಕೆಯೆಲ್ಲ ಒಳಗೆ ಬರುತ್ತಿದೆ ಎಂಬುದು ಮಾಲಕರ ಮಾತು. ನಮ್ಮ ಮನೆಯವರು ಹಿಂದೆ ಮುಂದೆ ನೋಡದೆ, ಹೊರಬದಿಯ ಚಿಲಕದ ಬಳೆ ಹಿಡಿದು, ಬಾಗಿಲನ್ನು ಮತ್ತೆ ಗಟ್ಟಿಯಾಗಿ ಎಳೆದುಬಿಟ್ಟರು.