ಮದುವೆ ಚಾದರಕ್ಕೆ ನಾನೇ ಹೊಡೆದ ತೂತು

ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದಲ್ಲಿ ನನ್ನದೊಂದು ಸಣ್ಣ ಚಾದರದ ಕಾರಖಾನೆ ಇತ್ತು. ಎರಡು ಜಕಾರ್ಡ್ ಮಗ್ಗ, ಒಬ್ಬ ನೇಕಾರ ಮಲ್ಲಪ್ಪ. ಚಾದರದ ಚಿತ್ತಾರ ಮಗ್ಗಕ್ಕೆ ತಾನಾಗಿ ತಿಳಿಯುವುದಿಲ್ಲ. ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು ಪೋಣಿಸಿ ಮೇಲೆ ಕಟ್ಟಬೇಕು. ತೂತಿದ್ದಲ್ಲಿ ದಾರ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಆ ತೂತು ಹೊಡೆದುಕೊಡುವುದೇ ಪೇಟೆಯ ಗುರುಸಿದ್ಧಪ್ಪನವರ ಕಸುಬು.

ಅಕ್ಕಲಕೋಟೆಯಲ್ಲಿ ನನ್ನ ಹೆಂಡತಿಯ ತಮ್ಮ ಬಸವರಾಜ ಮಗಳ ಮದುವೆ ಇಟ್ಟುಕೊಂಡ. ವಧೂವರರ ಹೆಸರು ನೇಯ್ದ ಐವತ್ತು ಚಾದರ ಕೊಡುತ್ತೇನೆಂದು ಬೀಗರಿಗೆ ಮಾತೂ ಕೊಟ್ಟುಬಿಟ್ಟ. ಮದುವೆಗೆ ಉಳಿದದ್ದು ಮೂರು ವಾರ. ಗುರುಸಿದ್ಧಪ್ಪನವರು ಬರೀ ಕಾರ್ಡಿಗೇ ಮೂರು ವಾರ ಕೇಳಿದರು.

"ನಾನ ಹೊಡೀತೀನಿ. ತೂತು ಹೊಡಿಯೂದೇನು ಬ್ರಹ್ಮವಿದ್ಯಾ?" ಎಂದೆ.

"ಅಲ್ರಿ, ಹೋದ ವರ್ಷ ಒಂದು ಮೊಳಿ ಬಡಿಯಾಕ ಹೋಗಿ ಗ್ವಾಡಿಗಿ ನಾಕು ತೂತು ಮಾಡೀರಿ," ಎಂದಳು ಹೆಂಡತಿ ಶಾಂತಾ.

"ಅದಕ್ಕ ಹೇಳಾಕತ್ತೀನಿ, ಅನುಭವ ಐತಿ!"

ಎಂಟು ದಿನ ಕೂತು ಹೊಡೆದೆ. ಬೆರಳಿಗೆ ಬೊಬ್ಬೆ ಬಂದವು. ಮೊದಲ ಚಾದರ ಮಗ್ಗದಿಂದ ಇಳಿಯಿತು. ಮಲ್ಲಪ್ಪ ಬಹಳ ಹೊತ್ತು ನೋಡಿದ.

"ಮಾಲಕ್ರ, ಇದನ್ನ ಓದಾಕ ಕನ್ನಡಿ ಬೇಕ್ರಿ."

ಅಕ್ಷರಗಳೆಲ್ಲ ಎಡಬಲ ತಿರುವುಮುರುವು! ತಕ್ಷಣ ಕಾರ್ಡು ಇಳಿಸಿದೆ. ಹಿಟ್ಟಿನ ಅಂಟು ಕುದಿಸಿ, ತಪ್ಪು ತೂತುಗಳಿಗೆಲ್ಲ ಕಾಗದ ಮೆತ್ತತೊಡಗಿದೆ. ಸಂಜೆಗೆ ಮೆತ್ತುವುದಷ್ಟೇ ಮುಗಿಯಿತು; ಹೊಸ ತೂತು ನಾಳೆಗಿರಲೆಂದು ಚಾದರ ಹಿಡಿದು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಶಾಂತಾ ಆ ಚಾದರ ಮಡಚಲು ಎತ್ತಿದಳು. ಮಗುಚಿದಳು.

"ಅಕ್ಷರ ನೆಟ್ಟಗ ಅದಾವಲ್ರಿ?"

ನಮ್ಮ ಚಾದರಕ್ಕೆ ಎರಡೂ ಮೈ ಒಳ್ಳೆಯವೇ. ಒಂದು ಮಗ್ಗುಲಿಗೆ ತಿರುವಾದದ್ದು ಇನ್ನೊಂದಕ್ಕೆ ಸರಿ. ಬಣ್ಣವಷ್ಟೇ ಅದಲುಬದಲು. ಹದಿನೈದು ವರ್ಷ ಅದನ್ನೇ ಮಾರಿದ ನನಗೆ ಇದು ಹೊಳೆಯಲಿಲ್ಲ!

ಮೆತ್ತಿದ ಕಾಗದ ಕೀಳೋಣವೆಂದು ಕಾರಖಾನೆಗೆ ಓಡಿದೆ. ಆ ಕೆಲಸವನ್ನು ಇಲಿಗಳು ಆಗಲೇ ಮಾಡಿದ್ದವು. ಹಿಟ್ಟಿನ ರುಚಿಗೆ ಕಾಗದ ತಿಂದು, ರಟ್ಟನ್ನೂ ಬಿಟ್ಟಿರಲಿಲ್ಲ.

ಹಳೆಯ ನವಿಲಿನ ಕಾರ್ಡು ಕಟ್ಟಿ ಉಳಿದ ನಲವತ್ತೊಂಬತ್ತು ನೇಯಿಸಿದೆವು. ಅಕ್ಕಲಕೋಟೆಯಲ್ಲಿ ಗಂಟು ಬಿಚ್ಚಿದ ಬಸವರಾಜನ ಮುಖ ಸಣ್ಣಗಾಯಿತು.

"ದಾಜಿ, ಒಂದಕ್ಕ ಅಷ್ಟ ಹೆಸರು ಐತಿ. ಉಳದದ್ದು?"

"ಇಲಿ ತಿಂದುವು."

"ಚಾದರಾ?"

"ಇಲ್ಲ. ಹೆಸರು."

 ಬಸವರಾಜ ಜಾಣ. ಆ ಒಂದನ್ನೇ ವಧೂವರರ ಹೆಗಲಿಗೆ ಹೊದಿಸಿ, "ಇದು ಜೋಡಿಗಷ್ಟ, ಖಾಸ್ ಮಾಡ್ಸೀವಿ," ಎಂದು ಬೀಗರ ಮುಂದೆ ಮಾನ ಉಳಿಸಿಕೊಂಡ.

ಮದುವೆ ಮುಗಿಸಿ ಬಂದವನು ಕಾರ್ಡಿನ ಕಟ್ಟು ಹಿಡಿದು ಗುರುಸಿದ್ಧಪ್ಪನವರಲ್ಲಿಗೆ ಹೋದೆ. ಏನಾದರೂ ದುರಸ್ತಿಯಾದೀತೇ ಎಂಬ ಆಸೆ. ಅವರು ಒಂದೊಂದನ್ನೇ ಬೆಳಕಿಗೆ ಹಿಡಿದು, ತಲೆಯಲ್ಲಾಡಿಸಿ ಪಕ್ಕಕ್ಕಿಟ್ಟರು. ಒಂದು ಕಾರ್ಡಿಗೆ ಮಾತ್ರ ನಿಂತರು.

"ಈ ಮೂರು ತೂತು ಯಾರು ಹೊಡದಾರ್ರಿ? ಕೈ ಭಾಳ ಸಾಫ್ ಐತಿ."

ನಾನು ಬಗ್ಗಿ ನೋಡಿದೆ.

"ಅವು ಇಲೀವ್ರಿ," ಎಂದೆ.